ನನ್ನ ಹೆಸರು ಹೊಡೆದು ಹಾಕಿದವನು

“ನಾನು ಇದೀನಾ, ಇಲ್ವಾ? ಮೊದಲು ಅದನ್ನ ಹೇಳಿ.”

ಮೇಜಿನ ಆಚೆ ಕೂತಿದ್ದವನು ತಲೆ ಎತ್ತಿದ. ಮೂಗಿಗೆ ಬಿಳಿ ಕರವಸ್ತ್ರ ಒತ್ತಿ ಹಿಡಿದಿದ್ದ. ಅದನ್ನು ನೋಡಿಯೇ ಅವಳ ಮೈಯೆಲ್ಲ ಉರಿಯಿತು.

ವಾಸನೆಯೇನೋ ಇತ್ತು, ಸುಳ್ಳಲ್ಲ. ಅದು ಮುಚ್ಚಿಹೋದ ಸೋಪಿನ ಕಾರ್ಖಾನೆ, ಈಗ ನಿರಾಶ್ರಿತರ ಶಿಬಿರ. ಗೋಡೆಗಳಿಂದ ಹಳಸಿದ ಕೊಬ್ಬಿನ ನಾತ, ಹಿಂದಿನ ಒಂಬತ್ತು ಪಾಯಖಾನೆಗಳ ನಾತ, ಎಲ್ಲದರ ಮೇಲೆ ಎಂದೋ ಸೋರಿಹೋದ ಗುಲಾಬಿ ಸೆಂಟಿನ ಸಿಹಿ. ಪಟ್ಟಿಯ ಪ್ರಕಾರ ಐನೂರ ನಲವತ್ತು ಜನ ಒಂದೂವರೆ ವರ್ಷದಿಂದ ಅದನ್ನೇ ಉಸಿರಾಡುತ್ತಿದ್ದರು. ಈ ಮಹಾಶಯ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ!

ಅವಳು ಆ ಶಿಬಿರದ ಎಣಿಕೆಯವಳು. ಗುಂಡಿನ ಸದ್ದಿಗೆ ಊರು ಬಿಟ್ಟವರು, ಹೊಳೆ ನುಗ್ಗಿ ಮನೆ ಕಳೆದುಕೊಂಡವರು... ತಿಂಗಳಿಗೊಮ್ಮೆ ಎಲ್ಲರನ್ನೂ ಚಾಪೆವಾರು ಎಣಿಸಿ ಕೇಂದ್ರ ಕಚೇರಿಗೆ ಪಟ್ಟಿ ಕಳಿಸುವುದು ಅವಳ ಕೆಲಸ. ತಾನೂ ಹಾಗೆ ಓಡಿ ಬಂದವಳೇ. ಶಿಬಿರದವರಿಗೆ ಅವಳು ಲೆಕ್ಕದಕ್ಕ.

ಆ ತಿಂಗಳು ಕಳಿಸಿದ ಪಟ್ಟಿ ಅರವತ್ಮೂರು ಕೆಂಪು ಗೆರೆ ಹೊತ್ತು ವಾಪಸ್ ಬಂದಿತ್ತು. ಮೊದಲ ಗೆರೆ ಅವಳ ಹೆಸರಿನ ಮೇಲೆ. ಎರಡನೆಯದು ಅವಳ ಅಮ್ಮನ ಹೆಸರಿನ ಮೇಲೆ. ಪಟ್ಟಿಯ ಜೊತೆಗೆ ಗೆರೆ ಹೊಡೆದ ಪರಿಶೀಲಕನೂ ಬಂದಿಳಿದಿದ್ದ.

“ಕಾರಣ ಕೆಳಗೆ ಬರೆದಿದೆ ಮೇಡಂ,” ಎಂದ ಅವನು.

ಬರೆದಿತ್ತು: ‘ಎರಡು ಕಡೆ ದಾಖಲೆ ಅಥವಾ ಗೈರುಹಾಜರಿ.’ ಅಥವಾ ಅಂತೆ! ಯಾರಿಗೆ ಯಾವುದು ಎಂದು ಬರೆಯುವಷ್ಟೂ ಪುರುಸೊತ್ತಿಲ್ಲ ಇವರಿಗೆ.

ಎರಡು ಕಡೆ ದಾಖಲೆ ಎಂಬ ರಗಳೆ ಅವಳಿಗೆ ಹಳೆಯದು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ ಒಂದು ಎಂದು ಬರೆಯುವುದು ಪದ್ಧತಿ. ಒಂದೇ ಹೆಸರಿನ ಇಬ್ಬರು ಸಿಕ್ಕಿದರೆ ಕಚೇರಿಯ ಯಂತ್ರಕ್ಕೆ ಇಬ್ಬರೂ ಒಬ್ಬರೇ.

ಆದರೆ ಗೈರುಹಾಜರಿಯ ಮಾತು ಬೇರೆ. ಅಲ್ಲಿ ಅವಳ ಗುಟ್ಟಿತ್ತು.

ಊರು ಬಿಟ್ಟ ದಿನ ಜನರ ನೂಕುನುಗ್ಗಲಿನಲ್ಲಿ ಅಮ್ಮ ಒಂದು ಲಾರಿ ಹತ್ತಿದ್ದಳು, ಇವಳು ಇನ್ನೊಂದು. ಶಿಬಿರದ ಬಾಗಿಲಲ್ಲಿ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ಇಬ್ಬರು ಎಂದಿದ್ದಳು. ಅಮ್ಮ ಹಿಂದೆ ಬರ್ತಿದಾರೆ, ಬರಕೊಳ್ಳಿ ಎಂದಿದ್ದಳು. ಹೆಸರು ಬಿಟ್ಟರೆ ತನ್ನ ಕೈಯಾರೆ ಅಮ್ಮನನ್ನು ಕೊಂದ ಹಾಗೆ ಅನ್ನಿಸಿತ್ತು.

ಮುಂದೆ ಎಣಿಕೆಯ ಕೆಲಸ ಸಿಕ್ಕಾಗ ಬೇರೆಯವರಿಗೂ ಹಾಗೆಯೇ ಮಾಡಿದಳು. ಬರೀರಮ್ಮ, ನಮ್ಮವರು ಇವತ್ತೋ ನಾಳೆಯೋ ಬರ್ತಾರೆ ಎಂದು ಕಣ್ಣೀರು ಹಾಕಿದವರಿಗೆಲ್ಲ ‘ಹಾಜರ್’ ಎಂದು ಬರೆದಳು. ಅಮ್ಮನೂ ಸೇರಿ ಅಂಥವರು ಅರವತ್ತೆರಡು.

ಅರವತ್ಮೂರು ಹೋದರೆ ಉಳಿಯುವುದು ನಾನೂರ ಎಪ್ಪತ್ತೇಳು. ಐನೂರಕ್ಕಿಂತ ಕಡಿಮೆಯಾದ ಶಿಬಿರವನ್ನು ಮುಚ್ಚುತ್ತಾರೆ. ಮುಚ್ಚಿದರೆ... ಅಮ್ಮ ಹುಡುಕಿಕೊಂಡು ಬಂದರೆ ಎಲ್ಲಿಗೆ ಬರಬೇಕು?

ಪರಿಶೀಲಕ ಒಂದೇ ದಿನಕ್ಕೆ ಮುಗಿಸಿ ಹೋಗಲಿಲ್ಲ. ದಿನಾ ಬಂದ. ಚಾಪೆ ಎಣಿಸಿದ, ಪಾಯಖಾನೆ ಎಣಿಸಿದ, ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಇಲ್ಲದವರ ಬಗ್ಗೆ ಕೇಳಿದ. ಅಡುಗೆಯ ದೊಡ್ಡಮ್ಮ ಅವನಿಗೆ ರಬ್ಬರ್ ಎಂದು ಹೆಸರಿಟ್ಟಳು. ಮೂರೇ ದಿನದಲ್ಲಿ ಇಡೀ ಶಿಬಿರಕ್ಕೆ ಅವನು ರಬ್ಬರ್. ಅವಳಿಗೆ ಹೊಟ್ಟೆ ತಣ್ಣಗಾಯಿತು.

ಮೂರನೇ ವಾರ ಚರಂಡಿ ಒಡೆಯಿತು. ಹೇಲುನೀರು ಹಾಲ್‌ನೊಳಗೆ ನುಗ್ಗಿ ಚಾಪೆಗಳ ಕೆಳಗೆ ಹರಿಯಿತು. ಅವಳು ಬಕೆಟ್ ಹಿಡಿದು ಓಡಿದರೆ ಅವನು ಆಗಲೇ ಪ್ಯಾಂಟು ಮಡಚಿ ಮೊಣಕಾಲುದ್ದದ ಕೊಳಚೆಯಲ್ಲಿ ನಿಂತಿದ್ದ. ಕರವಸ್ತ್ರ ಇರಲಿಲ್ಲ. ಒಮ್ಮೆ ಮೂಲೆಗೆ ಹೋಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಬಂದು ಮತ್ತೆ ಬಕೆಟ್ ಎತ್ತಿಕೊಂಡ.

ಸಂಜೆವರೆಗೆ ಇಬ್ಬರೂ ಅಕ್ಕಪಕ್ಕ ನಿಂತು ಕೊಳಚೆ ಹೊತ್ತರು. ಬಕೆಟ್ ಕೊಡುವಾಗ ಅವನ ಬೆರಳು ತಾಗಿತು. ಎದೆ ಝಲ್ ಎಂದಿತು...

ಥೂ, ಅಂದುಕೊಂಡಳು. ಹೇಲಿನ ಮಧ್ಯೆ ನಿಂತು ಇದೇನು ನನ್ನ ಬುದ್ಧಿ? ಅದೂ ಅಮ್ಮನ ಹೆಸರು ಹೊಡೆದವನ ಮೇಲೆ!

ಮರುದಿನ ಮುಖ್ಯಾಧಿಕಾರಿ ಫೋಟೋದವರನ್ನು ಕಟ್ಟಿಕೊಂಡು ಬಂದ. ಒಣಗಿದ ಜಾಗ ನೋಡಿ ನಿಂತುಕೊಂಡ, ಅಳುತ್ತಿದ್ದ ಒಂದು ಮಗುವನ್ನು ಎತ್ತಿಕೊಂಡ, ಕ್ಯಾಮರಾ ಕೆಳಗಿಳಿದ ಕೂಡಲೇ ಮಗುವನ್ನೂ ಇಳಿಸಿದ. ಹೋಗುವಾಗ, ಈ ಶಿಬಿರದ ಹೊರೆ ಬೇಗ ಇಳಿಸಿ ಎಂದು ಪರಿಶೀಲಕನ ಬೆನ್ನು ತಟ್ಟಿದ.

ಪರಿಶೀಲಕ ಶನಿವಾರ ಶನಿವಾರ ಹೊಳೆಯಾಚೆಯ ಶಿಬಿರಗಳಿಗೆ ಹೋಗುತ್ತಾನೆ, ಇಲ್ಲಿಯವರನ್ನು ಅಲ್ಲಿಗೆ ತುಂಬಲು ಜಾಗ ನೋಡುತ್ತಿದ್ದಾನೆ ಎಂಬ ಸುದ್ದಿಯನ್ನು ಅವತ್ತೇ ದೊಡ್ಡಮ್ಮ ತಂದಳು. ಅವನ ಮೇಜಿನ ಮೇಲೆ ಆ ಅರವತ್ಮೂರು ಹೆಸರುಗಳ ಪಟ್ಟಿ ಇತ್ತು. ಪ್ರತಿ ಹೆಸರಿನ ಮುಂದೆ ಒಂದೊಂದು ಶಿಬಿರದ ಹೆಸರು ಬರೆದಿತ್ತು.

ಅವಳಿಗೆ ಇನ್ನೇನು ಬೇಕಿತ್ತು?

“ನಿನ್ನೆ ಒಂದು ಗಳಿಗೆ ನಿಮ್ಮನ್ನ ಮನುಷ್ಯ ಅಂದ್ಕೊಂಡಿದ್ದೆ,” ಎಂದಳು. “ಈಗ ಮುಖ ನೋಡಿದ್ರೆ ವಾಕರಿಕೆ ಬರುತ್ತೆ.”

“ಶನಿವಾರದವರೆಗೆ ಟೈಮ್ ಕೊಡಿ. ಈಗ ಏನೂ ಹೇಳೋಕಾಗಲ್ಲ.”

ಕೈಯಲ್ಲಿದ್ದ ರಿಜಿಸ್ಟರ್ ಎತ್ತಿ ಅವನ ಮೇಲೆ ಎಸೆದಳು. ಅದು ಭುಜಕ್ಕೆ ಬಡಿದು ಬಿತ್ತು. ಅವನು ಬಗ್ಗಿ, ಹಾಳೆ ಹರಿದಿದೆಯೇ ನೋಡಿ, ಮೇಜಿನ ಮೇಲಿಟ್ಟ.

ಭಾನುವಾರ ಬೆಳಿಗ್ಗೆ ಅವನು ಬಂದಾಗ ಬಟ್ಟೆಯೆಲ್ಲ ಕೆಸರು. ಕೂರಿ ಎಂದ. ಅವಳು ಕೂರಲಿಲ್ಲ.

“ಆ ಪಟ್ಟಿಯಲ್ಲಿ ಶಿಬಿರದ ಹೆಸರು ಬರೆದಿದ್ದು ಯಾರನ್ನ ಎಲ್ಲಿ ಹುಡುಕಬೇಕು ಅಂತ. ಅದರಲ್ಲಿ ಡಬಲ್ ಅಂತ ಬಂದಿದ್ದು ಒಂದೇ ಹೆಸರು. ನಿಮ್ಮದು. ಹೊಳೆಯಾಚೆ ಹಳೆ ಬಸ್ ಡಿಪೋ ಶಿಬಿರದಲ್ಲೂ ನೀವು ಇದೀರಿ. ಒಂದೂವರೆ ವರ್ಷದಿಂದ, ಪ್ರತಿ ಎಣಿಕೆಯಲ್ಲೂ ಹಾಜರ್.”

“ಜನವರಿ ಒಂದರ ಕಥೆ. ಯಾರೋ ಬೇರೆ.”

“ನಾನೂ ಹಾಗೇ ಅಂದ್ಕೊಂಡಿದ್ದೆ. ಹೋಗಿ ನೋಡಿದೆ. ಅಲ್ಲಿ ಒಬ್ಬರು ಅಮ್ಮ ಇದಾರೆ. ಅವರ ಹೆಸರು ಬರೆದವರು ತಪ್ಪು ಬರೆದಿದಾರೆ, ಅದಕ್ಕೇ ಯಂತ್ರಕ್ಕೆ ಸಿಕ್ಕಿಲ್ಲ. ಪಕ್ಕದಲ್ಲಿ ಒಂದು ಖಾಲಿ ಚಾಪೆ. ಯಾರು ಎಣಿಸೋಕೆ ಬಂದ್ರೂ, ಮಗಳು ನೀರಿಗೆ ಹೋಗಿದಾಳೆ, ಬರಕೊಳ್ಳಿ ಅಂತಾರೆ.”

ಅವಳು ಮೇಜಿನ ಅಂಚು ಹಿಡಿದುಕೊಂಡಳು.

“ಹಿಂದೆ ಒಬ್ಬ ತಾತನಿಗೆ ನಿಮ್ಮ ಹೆಂಡತಿ ಸಿಕ್ಕಿದಾರೆ ಅಂದಿದ್ದೆ. ಬಂದವರು ಬೇರೆ ಯಾರೋ. ಆ ತಾತ ಮೂರು ದಿನ ಗೇಟ್ ಬಿಟ್ಟು ಏಳಲಿಲ್ಲ... ಅದಕ್ಕೇ ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ. ಮಗಳು ಎಂಥವಳಮ್ಮ ಅಂತ ನಿನ್ನೆ ಕೇಳಿದೆ. ಕೋಪ ಬಂದ್ರೆ ಕೈಯಲ್ಲಿದ್ದದ್ದನ್ನ ಎಸೀತಾಳೆ ಅಂದ್ರು.” ಭುಜ ನೀವಿಕೊಂಡ. “ಅಲ್ಲಿಗೆ ನನಗೆ ಗ್ಯಾರಂಟಿ ಆಯ್ತು.”

ಅವಳು ಕುಸಿದು ಕೂತಳು. ಅಳು ಬರಲಿಲ್ಲ. ಬಂದದ್ದು ತನ್ನ ಮೇಲೆಯೇ ಅಸಹ್ಯ.

ಕಾಣೆಯಾದವರ ಪಟ್ಟಿ ಅಂತ ಒಂದಿತ್ತು. ಅದರಲ್ಲಿ ಇದ್ದವರನ್ನು ಎಲ್ಲ ಶಿಬಿರಗಳಲ್ಲೂ ಹುಡುಕುತ್ತಿದ್ದರು. ಅಮ್ಮನನ್ನು ಯಾರೂ ಹುಡುಕಿರಲಿಲ್ಲ. ಅಮ್ಮ ಹಾಜರ್! ಅಲ್ಲಿ ಇವಳೂ ಹಾಜರ್. ತಾಯಿ ಮಗಳು ಇಬ್ಬರೂ ಪ್ರೀತಿಯಿಂದಲೇ ಒಬ್ಬರನ್ನೊಬ್ಬರು ಬಚ್ಚಿಟ್ಟಿದ್ದರು. ಉಳಿದ ಅರವತ್ತೊಂದು ಮನೆಗಳಿಗೂ ತಾನು ಮಾಡಿದ್ದು ಇದನ್ನೇ ಅಲ್ಲವೇ?

“ನಾನು ಸುಳ್ಳು ಹಾಜರ್ ಬರೆದದ್ದು ನಿಮಗೆ ಮೊದಲೇ ಗೊತ್ತಿತ್ತಾ?” ಎಂದಳು.

“ಪಟ್ಟಿ ನೋಡಿದಾಗಲೇ ಅನುಮಾನ ಇತ್ತು. ನಿಮ್ಮ ಶಿಬಿರಕ್ಕೆ ಬಂದ ವಾರ ಖಾತ್ರಿ ಆಯ್ತು. ನೀವೇ ಬೇಕಂತ ಬರೆದದ್ದು ಅಂತ ಕಚೇರಿಗೆ ಹೇಳಲಿಲ್ಲ. ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು.”

ಅವಳು ರಿಜಿಸ್ಟರ್ ಎಳೆದುಕೊಂಡಳು. ಒಂದೊಂದೇ ‘ಹಾಜರ್’ ಹೊಡೆದು ‘ಕಾಣೆ’ ಎಂದು ಬರೆದಳು. ಸಂಖ್ಯೆ ಇಳಿದರೆ ಶಿಬಿರ ಮುಚ್ಚುತ್ತಾರಲ್ಲ ಎಂದಾಗ, ಹುಡುಕಾಟ ನಡೆಯುತ್ತಿರುವ ಶಿಬಿರವನ್ನು ಮುಚ್ಚುವ ಹಾಗಿಲ್ಲ, ನಿಯಮದಲ್ಲೇ ಇದೆ ಎಂದು ಅವನು ತೋರಿಸಿದ. ಆ ನಿಯಮದ ಪ್ರಕಾರ ಬರೆದ ಆದೇಶಕ್ಕೆ ಮುಖ್ಯಾಧಿಕಾರಿಯ ಸಹಿಯನ್ನೂ ಹಾಕಿಸಿಕೊಂಡು ಬಂದಿದ್ದ. ಓದದೆ ಸಹಿ ಹಾಕುವುದು ಅವರ ಅಭ್ಯಾಸವಂತೆ.

ಮಧ್ಯಾಹ್ನದ ಬಸ್ಸಿನಲ್ಲಿ ಹೊರಟರು. ಅರ್ಧ ದಾರಿಯಲ್ಲಿ ಅವಳಿಗೆ ಹೆದರಿಕೆ ಹತ್ತಿತು. ಅಮ್ಮ ಅಲ್ಲದಿದ್ದರೆ? ಕಿಟಕಿಯಾಚೆ ತಲೆ ಹಾಕಿ ಕಕ್ಕಿದಳು. ಅವನು ಅವಳ ಕೂದಲು ಹಿಂದಕ್ಕೆ ಹಿಡಿದು ಹಣೆಗೆ ಅಂಗೈ ಕೊಟ್ಟ.

“ಅಸಹ್ಯ ಆಗಲ್ವಾ ನಿಮಗೆ?”

“ಮೂರು ವಾರ ನಿಮ್ಮ ಶಿಬಿರದ ಪಾಯಖಾನೆ ಎಣಿಸಿದೀನಿ,” ಎಂದ. ಮೆಲ್ಲಗೆ ಸೇರಿಸಿದ, “ಒಂದೇ ದಿನದಲ್ಲಿ ಎಣಿಸಿ ಮುಗಿಸಬಹುದಿತ್ತು.”

ಅವಳು ತಿರುಗಿ ನೋಡಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ, ಕಿವಿ ಕೆಂಪಾಗಿತ್ತು.

ಡಿಪೋದ ಕೊನೆಯ ಕಂಬದ ಹತ್ತಿರ ಅಮ್ಮ ಕೂತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಎದ್ದು ಬಂದು ಮಗಳ ಮುಖ ಮುಟ್ಟಿದಳು, ಕತ್ತು ಮುಟ್ಟಿದಳು, ಹತ್ತಿರ ಎಳೆದುಕೊಂಡು ಮೂಸಿದಳು.

“ಎಂಥಾ ನಾತ ಹೊಡೀತಿದೀಯೆ ನೀನು... ಸ್ನಾನ ಮಾಡಿ ಎಷ್ಟು ದಿನ ಆಯ್ತು?”

ಅಷ್ಟು ಹೇಳುವಷ್ಟರಲ್ಲಿ ಅಮ್ಮನ ದನಿ ಒಡೆಯಿತು. ಒಂದೂವರೆ ವರ್ಷ ತಡೆದದ್ದೆಲ್ಲ ಇಬ್ಬರ ಎದೆಯಿಂದಲೂ ಒಟ್ಟಿಗೆ ಹೊರಬಂತು. ಸುತ್ತಲಿನ ಚಾಪೆಗಳವರು ಎದ್ದು ನಿಂತು ನೋಡಿದರು.

ಬಹಳ ಹೊತ್ತಾದ ಮೇಲೆ ಅಮ್ಮ ಕಣ್ಣೊರೆಸಿಕೊಂಡು, ದೂರದಲ್ಲಿ ನಿಂತಿದ್ದವನ ಕಡೆ ಕತ್ತು ತಿರುಗಿಸಿದಳು. ನಿನ್ನೆ ಬಂದು ಏನೇನೋ ಕೇಳಿ ಹೋದ ಆಸಾಮಿ, ಯಾರೇ ಅವರು ಎಂದಳು.

ಅವಳು ಅವನನ್ನೇ ನೋಡುತ್ತ ಹೇಳಿದಳು, “ನಮ್ಮೋರೇ, ಅಮ್ಮ.”

ಅವನು ಬೆಚ್ಚಿದ. ಹತ್ತಿರ ಬಂದು, ಅಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದ. “ನಮ್ಮೋರಾ?”

“ಯಾಕೆ, ಅನುಮಾನಾನಾ?”

“ಇಲ್ಲ... ಇನ್ನೊಂದ್ಸಲ ಹೇಳಿ. ಪರಿಶೀಲನೆ ಮಾಡ್ಕೋಬೇಕು.”