ಗೋರ್ಬಿನ್ ತಾತನ ಹತ್ತಿಗಡ್ಡ

"ಬಕೆಟ್ ಬಡಿಯೋದು ನಿಲ್ಸೋ ಒಟಿಸ್! ನಾನಿವತ್ತು ಹಾಡಲ್ಲ," ಅಂದಳು ಡೀಲಿಯಾ.

ತಮ್ಮ ಒಟಿಸ್ ಕೋಲು ಕೆಳಗಿಟ್ಟ. ಅವನು ಬಕೆಟ್ ಬಡಿದರೆ ಬಾಸ್ಟನ್‌ವರೆಗಿನ ನಾಯಿಗಳೆಲ್ಲ ಎದ್ದು ಕೂರುತ್ತಿದ್ದವು.

"ಹಾಡಲ್ವಾ? ಹೊರಗೆ ಲೈಬ್ರರಿ ತುಂಬ ಜನ! ನಮ್ಮಂಥ ಬ್ಯಾಂಡು ಅಮೆರಿಕದಲ್ಲೇ ಇಲ್ಲ ಅಂತ ನಿನ್ನೆ ಜಂಬ ಕೊಚ್ಚಿದ್ದು ಯಾರಮ್ಮಾ?"

'ಏಳು ಬಾಗಿಲು' ಕತೆಪುಸ್ತಕಗಳ ಹುಚ್ಚು ಹಿಡಿದವರು ಊರೂರ ಲೈಬ್ರರಿಗಳಲ್ಲಿ ಹಾಡು ಕಟ್ಟಿ ಹಾಡುತ್ತಿದ್ದರು. ಒಂದೊಂದು ಬ್ಯಾಂಡು ಕತೆಯ ಒಂದೊಂದು ಪಾತ್ರವಾಗಬೇಕು. ಡೀಲಿಯಾಳದು, ಯುದ್ಧಕ್ಕೆ ಹೋದ ಗೆಳೆಯನಿಗಾಗಿ ದೀಪ ಹಿಡಿದು ಬಾಗಿಲು ಕಾಯುವ ಮುದುಕ ಗೋರ್ಬಿನ್‌ನ ಪಾತ್ರ. ಹತ್ತಿಯ ಗಡ್ಡ ಮೊಣಕಾಲು ಮುಟ್ಟುತ್ತಿತ್ತು. ಅವಳ ಹಾಡು ಎಲ್ಲರ ಬಾಯಲ್ಲೂ ಇತ್ತು:

"ದೀಪ ಆರಿಸ್ಬೇಡಿ, ಚಿಲಕ ಹಾಕ್ಬೇಡಿ,
ಗೆಳೆಯ ಪೆರ್ರಿಕ್ ಬರ್ತಾನೆ, ಬಂದೇ ಬರ್ತಾನೆ!"

ಆದರೆ ನಿನ್ನೆ ಕೊನೆಯ ಪುಸ್ತಕ ಬಂದಿತ್ತು. ಇಟ್ಟಿಗೆಗಿಂತ ದಪ್ಪ. ಡೀಲಿಯಾ ಊಟ ಬಿಟ್ಟು ಓದಿ ಮುಗಿಸಿದ್ದಳು. ಪೆರ್ರಿಕ್ ಬರುವುದಿಲ್ಲ. ಯುದ್ಧದಲ್ಲಿ ಸತ್ತುಹೋದ.

"ಏನಾಯ್ತು, ಹೇಳೇ!"

"ಹೇಳಲ್ಲ."

ಓದದವರಿಗೆ ಮುಂದಿನ ಕತೆ ಹೇಳುವುದು ಈ ಮಂದಿಯಲ್ಲಿ ಬ್ಯಾಂಕು ದೋಚುವುದಕ್ಕಿಂತ ದೊಡ್ಡ ತಪ್ಪು. ಹಾಗೇ ಹಾಡಿದರೆ ಸುಳ್ಳು. ಸಾಲು ಬದಲಿಸಿದರೆ ಗುಟ್ಟು ರಟ್ಟು.

ಡೀಲಿಯಾ ಬಾಗಿಲ ಸಂದಿಯಿಂದ ಇಣುಕಿದಳು. ಅರ್ಧ ಮಕ್ಕಳು ಓದುತ್ತಿದ್ದ ಪುಟದಲ್ಲಿ ಬೆರಳಿಟ್ಟು ಕೂತಿದ್ದರು. ಮುಂದಿನ ಸಾಲಿನಲ್ಲಿ ಲೈಬ್ರರಿಯ ಮಿಸೆಸ್ ಪ್ರೂಟ್. ಮಡಿಲಲ್ಲಿ ಮುಚ್ಚಿದ ಪುಸ್ತಕ, ಕಣ್ಣೆರಡೂ ಕೆಂಪು ಟೊಮೆಟೊ.

ಓ, ಇವರೂ ಓದಿ ಮುಗಿಸಿದ್ದಾರೆ!

"ಗೋರ್ಬಿನ್ ತಾತಾ," ಮಿಸೆಸ್ ಪ್ರೂಟ್ ಮೂಗೊರೆಸಿಕೊಂಡು ಕೂಗಿದರು, "ಗಡ್ಡ ಬಾಚ್ಕೊಂಡಿದ್ದು ಸಾಕು, ಬಾರಪ್ಪಾ!"

ಎಲ್ಲರೂ ನಕ್ಕರು. ಡೀಲಿಯಾ ಗಡ್ಡ ಮುಟ್ಟಿಕೊಂಡಳು. ಪೆರ್ರಿಕ್ ಸತ್ತ ಸುದ್ದಿ ಗೋರ್ಬಿನ್‌ಗೆ ಇನ್ನೂ ಎಲ್ಲಿ ಗೊತ್ತು? ಅವನು ದೀಪ ಹಿಡಿದು ನಿಂತೇ ಇದ್ದಾನೆ. ಅವನು ಹಾಡಿದರೆ ಸುಳ್ಳಲ್ಲ.

"ಬಕೆಟ್ ತಗೊಳೋ," ಅಂದಳು.

ಅವಳು ಒಂದಕ್ಷರವೂ ಬದಲಿಸಲಿಲ್ಲ. ಓದದವರು ನೆಲ ಕುಸಿಯುವಂತೆ ಕುಣಿದರು. ಓದಿದವರು ಅವರಿಗಿಂತ ಜೋರಾಗಿ, ಕಣ್ಣೊರೆಸಿಕೊಂಡು ಹಾಡಿದರು. "ಬಂದೇ ಬರ್ತಾನೆ!" ಗುಟ್ಟು ಮಾತ್ರ ಯಾರೂ ಬಿಟ್ಟುಕೊಡಲಿಲ್ಲ.

ಹಾಡು ಮುಗಿದ ಮೇಲೆ ಒಟಿಸ್ ಮೂಲೆಯಲ್ಲಿ ಪುಸ್ತಕ ಬಿಚ್ಚಿದ.

"ಪೆರ್ರಿಕ್ ಬರ್ತಾನೆ ಅಲ್ವೇನೇ?"

"ಓದೋ," ಅಂದಳು ಡೀಲಿಯಾ.

ಕುರ್ಚಿ ಎಳೆದುಕೊಂಡು ಅವನಿಗೆ ಅಂಟಿ ಕೂತಳು. ಮೆಲ್ಲಗೆ ಗಡ್ಡದಿಂದ ದೊಡ್ಡದೊಂದು ಹತ್ತಿಯ ಉಂಡೆ ಕಿತ್ತು, ಅವನ ಕಣ್ಣೀರಿಗೆಂದು ಅಂಗೈಯಲ್ಲಿ ಇಟ್ಟುಕೊಂಡಳು.