ಗುಡಿಸಿದ ಮರಳು

ಸೂರ್ಯ ಮುಳುಗುವ ಮುನ್ನ ಕಲ್ಲಿನ ಕಮಾನಿನ ಕೆಳಗೆ ಒಂದು ಚಿತ್ರ ಸಿಗಬೇಕಿತ್ತು. ಮೂವರು ಹೆಂಗಸರು, ಒಂದು ಗಿಟಾರ್, ಒಂದು ಡ್ರಮ್, ಸುತ್ತ ಹೆಜ್ಜೆಗುರುತೇ ಇಲ್ಲದ ಕೆಂಪು ಮರಳು. ಆಕಾಶದಿಂದ ಈಗಷ್ಟೇ ಇಳಿದವರಂತೆ ಕಾಣಬೇಕು ಎಂದಿದ್ದ ಫೋಟೋಗ್ರಾಫರ್ ಹಾತಿಮ್. ಜೋರ್ಡಾನಿನ ಅಮ್ಮಾನ್ ನಗರದ ಆ ರಾಕ್ ಬ್ಯಾಂಡಿಗೆ ಹನ್ನೊಂದು ವರ್ಷಗಳ ಮೇಲೆ ಕೂಡಿಬಂದ ಆಲ್ಬಮ್ಮಿನ ಮುಖಪುಟ ಅದು.

ಸಿನಿಮಾದವರು ಬಂದಾಗಲೆಲ್ಲ ಮಂಗಳಗ್ರಹವಾಗುವ ವಾದಿ ರಮ್ ಕಣಿವೆ ಆ ದಿನ ಖಾಲಿಯಿತ್ತು. ಜೀಪು ಓಡಿಸುವ ಅಬೂ ಸಬ್ಬಾಹ್ ಬಂಡೆಯಾಚೆಯೇ ನಿಂತುಬಿಟ್ಟ.

"ಹೆಂಗಸರು ಬಟ್ಟೆ ಬದಲಾಯಿಸೋ ಕಡೆ ನಾನು ಬರೋದಿಲ್ಲ ತಾಯಿ. ಚಹಾ ಇಟ್ಟಿರ್ತೀನಿ. ಹೋದ ಹೆಜ್ಜೆ ಹಿಡಿದೇ ವಾಪಸ್ ಬನ್ನಿ."

ಬಂಡೆಗಳ ಸಂದಿನಿಂದ ಬಯಲಿಗೆ ಬಂದ ಮೇಲೆ ನಾಲ್ವರೂ ಒಬ್ಬರ ಹಿಂದೊಬ್ಬರು ನಡೆದರು. ಕೊನೆಯವಳು ಬೇಸ್ ಗಿಟಾರಿನ ರಿಹಾಬ್. ಖರ್ಜೂರದ ಗರಿಯ ಪೊರಕೆ ಹಿಡಿದು ಹಿಮ್ಮುಖವಾಗಿ ನಡೆಯುತ್ತ, ಎಲ್ಲರ ಹೆಜ್ಜೆಗಳನ್ನೂ ಒರೆಸುತ್ತ ಬಂದಳು.

"ಉಮ್ಮ್ ತಾಮಿರ್, ನಿಮ್ಮನೆ ಅಂಗಳ ಅಂದ್ಕೊಂಡ್ರಾ?" ಹಾಡುವ ಹುಡುಗಿ ಲಮೀಸ್, ಅವಳನ್ನು ಮಗನ ಹೆಸರು ಹಿಡಿದು ಕರೆದು ಕೆಣಕಿದಳು.

"ನಿನ್ನ ಹೆಜ್ಜೇನೇ ದೊಡ್ಡದು. ಸುಮ್ನೆ ನಡಿ."

ಚಿತ್ರ ಚೆನ್ನಾಗಿ ಬಂತು. ಹಿಂತಿರುಗಿ ನೋಡಿದರೆ, ಬಯಲಿನ ಅಂಚಿಗೆ ಐದು ಸಂದುಗಳು, ಐದೂ ಒಂದೇ ಥರ.

"ಯಾವುದರಿಂದ ಬಂದ್ವಿ?" ಎಂದ ಹಾತಿಮ್.

ರಿಹಾಬ್ ಒರೆಸಿದ ಮರಳಿನಲ್ಲಿ ಒಂದೂ ಹೆಜ್ಜೆಯಿರಲಿಲ್ಲ.

ಎರಡನೆಯದೆಂದುಕೊಂಡು ಹೊಕ್ಕರು. ಒಳಗೆ ನೆಲವೆಲ್ಲ ಕಲ್ಲು, ಹೆಜ್ಜೆ ಮೂಡುವಂತಿರಲಿಲ್ಲ. ಇಪ್ಪತ್ತು ನಿಮಿಷ ನಡೆದ ಮೇಲೆ ಗೋಡೆಯಂಥ ಬಂಡೆ ಎದುರಾಯಿತು. ತಂದಿದ್ದ ಒಂದೇ ಬಾಟಲಿ ನೀರು ಮುಗಿದಿತ್ತು. ಉಳಿದದ್ದೆಲ್ಲ ಜೀಪಿನಲ್ಲಿ. ಬಯಲಿಗೆ ಮರಳುವಷ್ಟರಲ್ಲಿ ಡ್ರಮ್ ಬಾರಿಸುವ ಸುಹೈರ್ ಕುಸಿದಳು.

ಐವತ್ಮೂರರ ಹೆಂಗಸು. ಮೈ ಕಾದ ಕಲ್ಲಿನಂತೆ ಸುಡುತ್ತಿತ್ತು.

ಲಮೀಸ್ ಕೂಗಿದಳು. ಡ್ರಮ್ ಬಡಿದಳು. ಐದೂ ಕಡೆಯಿಂದ ಅದೇ ಸದ್ದು ವಾಪಸು ಬಂತು. ಹಾತಿಮನ ಫೋನಿನಲ್ಲಿ ಸಿಗ್ನಲ್ ಇಲ್ಲ.

ರಿಹಾಬ್ ತನ್ನ ಶಾಲು ಬಿಚ್ಚಿ ಸುಹೈರಳ ಮುಖಕ್ಕೆ ನೆರಳು ಹಿಡಿದಳು. ತನಗೆ ತಾಮಿರ್ ಹುಟ್ಟಿದ ಮೇಲೆ ಬ್ಯಾಂಡ್ ಬಿಡುತ್ತೇನೆಂದಾಗ, "ತೊಟ್ಟಿಲು ಇಲ್ಲಿಗೇ ತಾ, ನಾನು ತೂಗ್ತೀನಿ" ಎಂದವಳು ಇವಳೇ. ತೂಗಿದ್ದಳು ಕೂಡ. ಅದಕ್ಕೊಂದು ಕೃತಜ್ಞತೆಯ ಮಾತು ಹೇಳಬೇಕೆಂದು ಹದಿನಾರು ವರ್ಷ ಅಂದುಕೊಂಡದ್ದೇ ಬಂತು.

"ನನ್ನಿಂದಲೇ ಆಗಿದ್ದು," ಎಂದಳು ರಿಹಾಬ್.

"ಅಳೋದು ಆಮೇಲೆ," ಎಂದಳು ಸುಹೈರ್, ಕಣ್ಣು ತೆರೆಯದೆ. "ನೀರು ಹುಡುಕು."

ಅವಳ ಉಸಿರು ಆಲಿಸಲು ರಿಹಾಬ್ ಮರಳಿಗೆ ಕೆನ್ನೆ ತಾಗುವಷ್ಟು ಬಗ್ಗಿದಳು. ಆಗ ಕಂಡಿತು. ಓರೆ ಬಿಸಿಲಿನಲ್ಲಿ ಬಯಲಿನುದ್ದಕ್ಕೂ ಗಾಳಿ ಎಳೆದ ಸಣ್ಣ ನಿರಿಗೆಗಳು. ನಡುವೆ ಮಾತ್ರ ಮಾರಗಲದ ಒಂದು ಪಟ್ಟಿ ಇಸ್ತ್ರಿ ಮಾಡಿದ ಹಾಗೆ ನುಣುಪಾಗಿ, ನಾಲ್ಕನೆಯ ಸಂದಿನತ್ತ ಹೋಗಿತ್ತು. ಅವಳ ಪೊರಕೆ ಆಡಿದ ಜಾಗ ಅದು.

"ಹಾತಿಮ್, ಕ್ಯಾಮೆರಾ ಬಿಡು. ಇವಳನ್ನ ಎತ್ತು."

"ಲೆನ್ಸೆಲ್ಲ ಮರಳಾಗುತ್ತೆ..."

"ಗಾಳಿ ಎದ್ದಿದೆ ಕಣೋ. ಇನ್ನೊಂದು ಗಳಿಗೆ ಬಿಟ್ರೆ ದಾರಿಯೇ ಕಾಣಲ್ಲ. ಎತ್ತು."

ಅವನು ಸುಹೈರಳನ್ನು ಬೆನ್ನಿಗೇರಿಸಿಕೊಂಡ. ಲಮೀಸ್ ಹಿಂದಿನಿಂದ ಆನಿಸಿದಳು. ರಿಹಾಬ್ ಮುಂದೆ. ಹತ್ತು ಹೆಜ್ಜೆಗೊಮ್ಮೆ ಮಂಡಿಯೂರಿ ನೆಲಕ್ಕೆ ಮುಖವಿಟ್ಟು ನೋಡುವುದು, ಏಳುವುದು, ನಡೆಯುವುದು. ಹಾರುವ ಮರಳು ಕಣ್ಣಿಗೆ ಚುಚ್ಚಿತು. ಪಟ್ಟಿ ಮಸುಕಾಯಿತು. ಸಂದಿನ ಬಾಯಿ ತಲುಪುವ ಹೊತ್ತಿಗೆ ಅಳಿದೇಹೋಯಿತು.

ಸಂದಿನೊಳಗೆ ಗಾಳಿಯಿರಲಿಲ್ಲ. ನಾಲ್ಕು ಜೊತೆ ಹೆಜ್ಜೆಗಳು, ಬಂದಾಗ ಊರಿದಂತೆಯೇ ಇದ್ದವು. ಅದರಾಚೆ ಚಹಾ ಒಲೆಯ ಹೊಗೆಯ ವಾಸನೆ.

ಅಬೂ ಸಬ್ಬಾಹ್ ಜೀಪಿನ ನೆರಳಿನಲ್ಲಿ ಸುಹೈರಳನ್ನು ಮಲಗಿಸಲು ಹೇಳಿ, ನೀರಿನ ಕ್ಯಾನು ರಿಹಾಬಳ ಕೈಗೆ ಕೊಟ್ಟು ಬೆನ್ನು ತಿರುಗಿಸಿ ನಿಂತ. ರಿಹಾಬ್ ಅವಳ ಕತ್ತಿಗೆ, ಕಂಕುಳಿಗೆ ನೀರು ಸುರಿದು ಶಾಲಿನಿಂದ ಬೀಸಿದಳು. ತುಟಿಗೆ ಗುಟುಕು ಗುಟುಕಾಗಿ ಹನಿಸಿದಳು. ಕೊನೆಗೆ ತಾನೂ ಕುಡಿದಳು. ನೀರಿಗೆ ತಗಡಿನ ರುಚಿಯಿತ್ತು. ಅಷ್ಟು ಒಳ್ಳೆಯ ನೀರನ್ನು ಅವಳು ಕುಡಿದದ್ದೇ ಇಲ್ಲ.

"ಡ್ರಮ್ ಕೇಳಿಸ್ತು," ಎಂದ ಅಬೂ ಸಬ್ಬಾಹ್. "ಖುಷೀಲಿ ಬಾರಿಸ್ತಿದ್ದೀರಿ ಅಂದ್ಕೊಂಡೆ."

"ಅದು ಲಮೀಸ್ ಬಡಿದಿದ್ದು," ಎಂದಳು ಸುಹೈರ್, ಮೆಲ್ಲಗೆ. "ನಾನು ಅಷ್ಟು ಕೆಟ್ಟದಾಗಿ ಬಾರಿಸ್ತೀನಾ?"

ಹಾತಿಮ್ ಮತ್ತು ಅಬೂ ಸಬ್ಬಾಹ್ ಹೋಗಿ ಕ್ಯಾಮೆರಾ, ಗಿಟಾರ್, ಡ್ರಮ್ ತಂದರು. ಚಿತ್ರ ತೋರಿಸಲು ಬಂದ ಹಾತಿಮನಿಗೆ ರಿಹಾಬ್, "ನಾಳೆ," ಎಂದಳು.

ಜೀಪು ಆಸ್ಪತ್ರೆಯ ಕಡೆ ಹೊರಟಿತು. ಸುಹೈರಳ ತಲೆ ರಿಹಾಬಳ ತೊಡೆಯ ಮೇಲಿತ್ತು.

"ತೊಟ್ಟಿಲು ತೂಗಿದ್ಯಲ್ಲ," ಎಂದಳು ರಿಹಾಬ್. "ಆವತ್ತೇ ಹೇಳಬೇಕಿತ್ತು."

ಸುಹೈರಳ ಹಿಮ್ಮಡಿ ಜೀಪಿನ ಬಾಗಿಲಿಗೆ ತಟ್ಟತೊಡಗಿತು, ನಿಧಾನವಾಗಿ, ತಾಳದ ಒಂದೂ ಲೆಕ್ಕ ತಪ್ಪದೆ.