ಕುಂಟೆ ಏರಿಯ ಮೇಲೆ ಜೋಡಿ ಹೆಜ್ಜೆ

“ಯಾರ್ರೀ ಈ ಹೊಂಡದ ಮಾಲಕ್ರು? ಹೊರಗ ಬರ್ರಿ!”

ತೊಯ್ದ ಹಾಸಿಗೆಯನ್ನು ಹೆಗಲಿಗೇರಿಸಿಕೊಂಡು ಹಿತ್ತಲಿಗೆ ನುಗ್ಗಿದ್ದಳು ಮಹಾನಂದಾ. ಹೊಂಡದ ಏರಿಯ ಹಿಂದಿನಿಂದ ಒಬ್ಬ ಯುವಕ ತಲೆಯೆತ್ತಿದ. ಮೂಗಿನ ತುದಿಯಲ್ಲೂ ಕೆಸರು!

“ನಾನೇ ಮೇಡಂ, ದೀಪು. ಓನರ್ ಮಗ. ಏಡಿ ಏರಿನ ಕೊರೆದ್ಬಿಟ್ಟಿದೆ, ನೀರು ಸೋರ್ತಿದೆ. ಸರಿ ಮಾಡ್ತೀನಿ...”

“ಏಡಿ ಕೊರದ್ರ ನಾ ನೀರಾಗ ಮಲಗಬೇಕೇನ್ರಿ?”

ಇನ್ನೂ ನಾಲ್ಕು ಮಾತು ಬೈಯಬೇಕೆಂದಿದ್ದಳು. ಆ ಮೂಗನ್ನು ನೋಡಿ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಮುಗಿಯಿತು ನೋಡಿ ಅವಳ ಕತೆ!

ಮಾಕಳಿಯ ಹನುಮಂತರಾಯಪ್ಪನವರು ಇದ್ದ ಜಮೀನಿನ ತುಂಬ ಬಾಡಿಗೆ ರೂಮು ಕಟ್ಟಿಸಿದ್ದರು. ಹಿತ್ತಲಲ್ಲಿ ಉಳಿದದ್ದು ಒಂದು ಪುಟ್ಟ ಕುಂಟೆ, ಅದರಲ್ಲಿ ಮಗ ದೀಪು ಸಾಕಿದ ಮೀನು. ಕುಂಟೆಗೆ ಅಂಟಿಕೊಂಡಿದ್ದ ಕೊನೆಯ ರೂಮಿಗೆ ಹೊಸದಾಗಿ ಬಂದವಳು ಮಹಾನಂದಾ. ಊರು ಕೊಪ್ಪಳದ ಕಡೆ, ಕೆಲಸ ಪೀಣ್ಯದ ಗಾರ್ಮೆಂಟ್ಸಿನಲ್ಲಿ.

ಆಮೇಲೆ ದಿನಾ ಶಿಫ್ಟ್ ಮುಗಿಸಿ ಬಂದು ಬೈಯುವುದೇ ಅವಳ ಕೆಲಸವಾಯಿತು. ಬೈಗುಳ ಮಾತಾಯಿತು, ಮಾತಿನ ಜೊತೆಗೆ ಟೀ ಬಂತು. ಏರಿ ಮಾತ್ರ ಸೋರುತ್ತಲೇ ಇತ್ತು.

ಒಂದು ಸಂಜೆ ದೀಪು ಹೇಳಿದ, “ಏರಿನ ಅಗೆದು ಹೊಸ ಜೇಡಿಮಣ್ಣು ತುಂಬ್ಬೇಕು. ಚೆನ್ನಾಗಿ ತುಳಿದ್ರೇನೇ ನೀರು ನಿಲ್ಲೋದು. ಒಬ್ನೇ ಆದ್ರೆ ಜಾರ್ತೀನಿ, ಇಬ್ರು ಹೆಗಲು ಹಿಡ್ಕೊಂಡು ತುಳೀಬೇಕು. ನೀವು ಬರ್ತೀರಾ?”

ಮಹಾನಂದಾ ಕುಡಿಯುತ್ತಿದ್ದ ಟೀಯನ್ನು ಹಾಗೇ ಕೆಳಗಿಟ್ಟಳು!

ಅವಳ ಊರಿನಲ್ಲಿ ಗೋಡೆಗಾಗಲಿ ಒಡ್ಡಿಗಾಗಲಿ ಮಣ್ಣನ್ನು ಗಂಡ ಹೆಂಡತಿ ಜೋಡಿಯಾಗಿ ತುಳಿಯುವುದು ರೂಢಿ. ಮದುವೆಯಾಗದ ಹುಡುಗ ಹುಡುಗಿಯನ್ನು ಹಾಗೆ ಕರೆದರೆ ಹೆಣ್ಣು ಕೇಳಿದ ಹಾಗೆಯೇ.

‘ಇಷ್ಟು ಧೈರ್ಯ ಎಲ್ಲಿಂದ ಬಂತು ಇವನಿಗೆ...!’

“ಅವ್ವನ್ನ ಕೇಳಿ ಹೇಳ್ತೀನ್ರಿ,” ಎಂದವಳೇ ಕೆನ್ನೆ ಕೆಂಪಾಗಿಸಿಕೊಂಡು ಓಡಿದಳು.

ದೀಪು ಬಾಯಿ ಬಿಟ್ಟುಕೊಂಡು ನಿಂತ. ಮಣ್ಣು ತುಳಿಯೋದಕ್ಕೂ ಅಮ್ಮನ ಪರ್ಮಿಷನ್ನಾ? ಇಷ್ಟವಿಲ್ಲದಿದ್ದರೆ ನೇರವಾಗಿ ಹೇಳಬಹುದಿತ್ತಲ್ಲ... ಅವನ ಮುಖ ಸಣ್ಣದಾಯಿತು.

ಊರಲ್ಲಿದ್ದ ಅವ್ವ ಸಿದ್ದಕ್ಕ ಫೋನಿನಲ್ಲಿ ಹತ್ತಾರು ಪ್ರಶ್ನೆ ಕೇಳಿ, ಕೊನೆಗೆ, “ನಿನ್ನ ಮನಸ್ಸು ಒಪ್ಪಿದ್ರ ಆತು, ಮಗಳ,” ಅಂದಳು. ಭಾನುವಾರ ಬೆಳಿಗ್ಗೆ ಮಹಾನಂದಾ ತಲೆಸ್ನಾನ ಮಾಡಿ, ಮಲ್ಲಿಗೆ ಮುಡಿದು ಹಿತ್ತಲಿಗೆ ಬಂದಳು.

ಬಂದವಳು ಹಾಗೆಯೇ ನಿಂತುಬಿಟ್ಟಳು.

ಏರಿಯಲ್ಲಿ ಅಗೆದ ಕಾಲುವೆಯೊಳಗೆ ದೀಪು ಮಣ್ಣು ತುಳಿಯುತ್ತಿದ್ದ. ಅವನ ಹೆಗಲ ಮೇಲೆ ಇನ್ನೊಬ್ಬಳ ಕೈ!

ದೀಪುವಿನ ತಾಯಿ ವೆಂಕಟಮ್ಮ ಪಕ್ಕದಲ್ಲೇ ಹಿಗ್ಗುತ್ತಿದ್ದರು. “ನಮ್ಮ ಯಜಮಾನ್ರ ತಂಗಿ ಮಗಳು, ರಕ್ಷಿತಾ. ನೋಡಮ್ಮ, ಜೋಡಿ ಎಂಗೈತೆ!”

ಮಹಾನಂದಾ ಆ ಕೈಯನ್ನೇ ದುರುಗುಟ್ಟಿ ನೋಡಿದಳು. ‘ಆಕಿ ಅಷ್ಟ್ಯಾಕ ನಗ್ತಾಳ? ಜಾರಿದ್ರೂ ಇವನ ಕಡೀಗೇ ಜಾರಬೇಕೇನು? ಆ ಕೈ... ಅದು ನಾ ಇಡಬೇಕಾದ ಜಾಗ!’ ಕಣ್ಣು ತುಂಬಿದವು, ಆದರೂ ಅವಳಿಗೆ ಅಲ್ಲಿಂದ ಕದಲಲಾಗಲಿಲ್ಲ.

“ಎರಡು ದಿನ ಕಾಯಾಕ ಆಗಲಿಲ್ಲೇನ್ರಿ ನಿಮಗ? ಅವ್ವ ಹೂಂ ಅಂದಾಳಂತ ಹೇಳಾಕ ಬಂದಿದ್ದೆ!”

ದೀಪು ಬೆಪ್ಪಾದ. “ಯಾವುದಕ್ಕೆ ಹೂಂ?”

“ಮದುವಿಗೆ! ನಮ್ಮೂರಾಗ ಜೋಡಿ ಮಣ್ಣು ತುಳಿಯಾಕ ಕರದ್ರ ಹೆಣ್ಣು ಕೇಳಿದಂಗ್ರಿ!”

ವೆಂಕಟಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು.

“ನನಗೆ... ಅದು ಗೊತ್ತಿರ್ಲಿಲ್ಲ,” ದೀಪು ತೊದಲಿದ. “ಬರೀ ಮಣ್ಣು ತುಳಿಯೋಕೆ ಕರೆದೆ.”

ಹಾಗಾದರೆ ಅವನು ಕೇಳಿಯೇ ಇರಲಿಲ್ಲ! ಎಲ್ಲರೆದುರು ತಾನೇ ಬಾಯಿಬಿಟ್ಟು... ನಾಚಿಕೆಯಿಂದ ಮಹಾನಂದಾಳಿಗೆ ನಿಂತ ನೆಲವೇ ಕುಸಿದಂತಾಯಿತು.

“ರೂಮು ಖಾಲಿ ಮಾಡ್ತೀನ್ರಿ,” ಎಂದು ತಿರುಗಿದಳು.

“ಬಾಯಿ ಬಿಡು ಭಾವ!” ರಕ್ಷಿತಾ ಅವನ ಬೆನ್ನಿಗೆ ಗುದ್ದಿದಳು. “ಬೆಳಗ್ಗೆಯಿಂದ ಮಹಾನಂದಾ ಹಂಗಂದ್ರು, ಹಿಂಗಂದ್ರು ಅಂತ ನನ್ನ ತಲೆ ತಿಂದ್ಯಲ್ಲ! ಅತ್ತೆ, ಬನ್ನಿ ಒಳಗೆ, ನಂಗೆ ಕಾಫಿ ಬೇಕು.” ಹಿಂತಿರುಗಿ ಹಿಂತಿರುಗಿ ನೋಡುತ್ತಿದ್ದ ವೆಂಕಟಮ್ಮನವರನ್ನು ಎಳೆದುಕೊಂಡೇ ಹೋದಳು.

ದೀಪು ಕೆಸರಲ್ಲೇ ನಿಂತು ಹೇಳಿದ, “ಈ ತೂತು ಮುಚ್ಚೋಕೆ ಒಂದು ಮಧ್ಯಾಹ್ನ ಸಾಕಾಗಿತ್ತು ಕಣ್ರೀ. ಬೇಕಂತ್ಲೇ ದಿನ ತಳ್ಳಿದೆ. ಮುಚ್ಚಿಬಿಟ್ರೆ ನೀವು ಬೈಯೋಕೆ ಬರಲ್ವಲ್ಲ...”

ಅವಳು ಗಕ್ಕನೆ ತಿರುಗಿದಳು. “ಅಂದ್ರ, ಬೇಕಂತ ನನ್ನ ಹಾಸಿಗಿ ತೋಯಿಸಿದ್ರೇನು?!”

“ತಪ್ಪಾಯ್ತು. ನೀವು ಒಲ್ಲೆ ಅಂದ್ರಿ ಅನ್ಕೊಂಡು ರಕ್ಷಿತಾನ ಕರೆದೆ. ಅದೂ ತಪ್ಪೇ. ಅಮ್ಮನ್ನ ನಾನು ಒಪ್ಪಿಸ್ತೀನಿ.” ಅವನು ಮುಖದ ಕೆಸರೊರೆಸಿಕೊಂಡ. “ಈಗ ಗೊತ್ತಿದ್ದೇ ಕೇಳ್ತಿದ್ದೀನಿ. ಮಹಾನಂದಾ, ನನ್ನ ಜೊತೆ ಮಣ್ಣು ತುಳಿಯೋಕೆ ಬರ್ತೀಯಾ?”

ಅವಳು ಕಣ್ಣೊರೆಸಿಕೊಂಡು ಚಪ್ಪಲಿ ಬಿಟ್ಟಳು. ಏರಿಯ ಅಂಚಿಗೆ ಬಂದು ಅಲ್ಲಿಯೇ ನಿಂತಳು.

“ಮೊದ್ಲ ಆ ಹೆಗಲು ತೊಳ್ಕೊಂಡು ಬರ್ರಿ. ಆಕಿ ಕೈ ಇಟ್ಟಿದ್ಲು!”

ದೀಪು ಅರ್ಧಕ್ಕಿಳಿದಿದ್ದ ಕುಂಟೆಗೆ ಬಟ್ಟೆಯ ಸಮೇತ ಧುಮುಕಿ, ಮುಳುಗಿ ಎದ್ದ.

“ಈಗ?”

“ಇನ್ನೊಮ್ಮೆ.”

ಮತ್ತೆ ಮುಳುಗಿದ. ತಲೆಯಿಂದ ನೀರು ಸುರಿಸುತ್ತ ಬಂದು ಅವಳ ಮುಂದೆ ನಿಂತ. “ಈಗ ಸರಿನಾ?”

“ಈಗ ಬರ್ತೀನ್ರಿ,” ಎಂದು ಮಹಾನಂದಾ ಆ ಒದ್ದೆ ಹೆಗಲ ಮೇಲೆ ಕೈಯಿಟ್ಟಳು.